ಅಮ್ಮನ ಲೋಟಕ್ಕೊಂದು ನಂಬರು

ಎದುರು ಮನೆಗೆ ಹೊಸದಾಗಿ ಬಂದಿರುವ ಆಕೆ ಮೊನ್ನೆ ನಮ್ಮ ಮನೆಗೆ ಬಂದಿದ್ದರು. ಕಾಫಿ ಕೊಟ್ಟೆ. ಕುಡಿದಾದ ಮೇಲೆ ಲೋಟವನ್ನು ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದರು. ಹೊರಡುವ ತನಕ ಹೇಗೋ ತಡೆದುಕೊಂಡಿದ್ದವರು ಚಪ್ಪಲಿ ಮೆಟ್ಟುವಾಗ ಕೇಳಿಯೇಬಿಟ್ಟರು: ‘ಆ ಲೋಟಕ್ಕೆ ನಂಬರ್ ಯಾಕಿದೆ? ಯಾವುದಾದ್ರೂ ಹಾಸ್ಟೆಲ್ಲಿಂದಾ?’ ನಾನು ನಕ್ಕು ಕಳಿಸಿಕೊಟ್ಟೆ. ಹಾಸನದ ಈ ಬಡಾವಣೆಯಲ್ಲಿ ನಾನು ಲೋಟ ಎತ್ತಿಕೊಂಡು ಬರುವವಳೆಂದು ಇಷ್ಟು ಹೊತ್ತಿಗೆ ಸುದ್ದಿಯಾಗಿರಬಹುದು. ಆಗಲಿ ಬಿಡಿ. ನಿಮಗಾದರೂ ನಿಜ ಹೇಳುತ್ತೇನೆ.

ನಿಮ್ಮ ಮನೆಯ ಪಾತ್ರೆ ಸ್ಟ್ಯಾಂಡಿನಲ್ಲೂ ನಿಮ್ಮದಲ್ಲದ ಲೋಟವೊಂದು ಇದ್ದೇ ಇರುತ್ತದೆ. ಹೋಗಿ ನೋಡಿ. ಯಾರೋ ಸುಶೀಲಮ್ಮ, ಯಾರೋ ‘ಟಿ. ಕೆ.’, ಯಾವುದೋ ಗೃಹಪ್ರವೇಶದ ನೆನಪು. ಕೇಳಿದರೆ ಯಾರಿಗೂ ಅದು ಹೇಗೆ ಬಂತೆಂದು ಗೊತ್ತಿರುವುದಿಲ್ಲ. ನಮ್ಮ ಲೋಟವೂ ಅವರ ಮನೆಯಲ್ಲಿ ಇರುವುದರಿಂದ ಯಾರೂ ಬಾಯಿ ಬಿಡುವುದಿಲ್ಲ. ಇಷ್ಟಾದರೂ ಪಾತ್ರೆಗೆ ಹೆಸರು ಹಾಕಿಸುವುದನ್ನು ಮಾತ್ರ ನಮ್ಮ ಜನ ಬಿಟ್ಟಿಲ್ಲ.

ನಾನು ಹುಟ್ಟಿ ಬೆಳೆದದ್ದು ಹೊಳೆನರಸೀಪುರದಲ್ಲಿ. ಆಗ ಹೆಸರು ಹಾಕುವವರ ಹತ್ತಿರ ಈಗಿನಂತೆ ಟರ್ರೆನ್ನುವ ಕರೆಂಟಿನ ಪೆನ್ನು ಇರಲಿಲ್ಲ. ಪಾತ್ರೆ ಅಂಗಡಿಯ ಕಟ್ಟೆಯ ಮೇಲೆ ಒಬ್ಬಾತ ಗೋಣಿ ಹಾಸಿಕೊಂಡು, ಸಣ್ಣ ಉಳಿ, ಸಣ್ಣ ಸುತ್ತಿಗೆ ಇಟ್ಟುಕೊಂಡು ಕೂತಿರುತ್ತಿದ್ದ. ಅಕ್ಷರಕ್ಕೆ ಇಷ್ಟು ಎಂದು ಅವನ ಲೆಕ್ಕ. ಹಾಗಾಗಿ ಉದ್ದ ಹೆಸರಿನವರು ಇನಿಷಿಯಲ್ಲಿಗೆ ತೃಪ್ತಿಪಡುತ್ತಿದ್ದರು. ನಮ್ಮಮ್ಮನ ಹೆಸರು ಜಯಮ್ಮ. ಮೂರೇ ಅಕ್ಷರ. ಆ ಹೆಮ್ಮೆಯಿಂದ ಅವಳು ಲೋಟ, ಚಮಚ, ಕೊನೆಗೆ ಒಗ್ಗರಣೆ ಸೌಟಿಗೂ ಪೂರ್ತಿ ಹೆಸರು ಹಾಕಿಸಿದ್ದಳು. ಅಮ್ಮ ಹೋದ ಮೇಲೆ ಆ ಲೋಟಗಳನ್ನು ಅಕ್ಕನೂ ನಾನೂ ಹಂಚಿಕೊಂಡೆವು. ಅರ್ಧ ಅರಕಲಗೂಡಿನ ಅವಳ ಮನೆಗೆ ಹೋದವು, ಅರ್ಧ ಹಾಸನಕ್ಕೆ ಬಂದವು. ಈ ಲೋಟದ ವಿಷಯ ಸ್ವಲ್ಪ ನೆನಪಿಟ್ಟುಕೊಂಡಿರಿ, ಮುಂದೆ ಬೇಕಾಗುತ್ತದೆ.

ನಮ್ಮ ಕಡೆ ಹೆಂಗಸರದೊಂದು ಸಂಘವಿದೆ. ಸಂಘ ಎಂದ ಕೂಡಲೇ ಭಾಷಣ, ಶಾಲು ಎಂದುಕೊಳ್ಳಬೇಡಿ. ನಮ್ಮದು ಪಾತ್ರೆಯ ಸಂಘ. ಮದುವೆ, ನಾಮಕರಣ, ಬೀಗರೂಟ, ಯಾವುದಕ್ಕೇ ಆಗಲಿ ಅಡಿಗೆಯ ದೊಡ್ಡ ಪಾತ್ರೆಗಳನ್ನು ಕೊಡುವುದು, ವಾಪಸು ಬಂದಾಗ ತೊಳೆದಿದ್ದಾರೋ ಇಲ್ಲವೋ ಎಂದು ಮೂಸಿ ನೋಡುವುದು, ಇವೇ ನಮ್ಮ ಕಾರ್ಯಕ್ರಮಗಳು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಮೂರು ಕಡೆಯೂ ಒಂದೊಂದು ಪಾತ್ರೆ ಮನೆ. ಒಂದು ಕಡೆ ಸಾಲದೆ ಬಂದರೆ ಇನ್ನೊಂದು ಕಡೆಯಿಂದ ತರಿಸುತ್ತೇವೆ. ಪಾತ್ರೆಗಳನ್ನು ಕೊಂಡದ್ದು ಕಡಿಮೆ, ಬಂದದ್ದೇ ಹೆಚ್ಚು. ತೀರಿಕೊಂಡ ತಾಯಿಯ ಹೆಸರಿನಲ್ಲಿ ಹೆಣ್ಣುಮಕ್ಕಳು ತಾವು ಸೇರಿದ ಊರಿನ ಪಾತ್ರೆ ಮನೆಗೆ ಒಂದು ದೊಡ್ಡ ಪಾತ್ರೆ ಕೊಡುವುದು ನಮ್ಮಲ್ಲಿ ಹಿಂದಿನಿಂದ ಬಂದ ರೂಢಿ. ಅದರ ಅಂಚಿನಲ್ಲಿ ‘ಇಂಥವರ ಜ್ಞಾಪಕಾರ್ಥ’ ಎಂದು ಕೊರೆದಿರುತ್ತದೆ. ಆ ಪಾತ್ರೆಯಲ್ಲಿ ಅನ್ನ ಬೆಂದಾಗಲೆಲ್ಲ ತಾಯಿ ಬಡಿಸಿದ ಹಾಗೆ ಎಂದು ಅಮ್ಮ ಹೇಳುತ್ತಿದ್ದಳು.

ಮೂರು ಊರಿಗೆ ಮೂವರು ಕಾರ್ಯದರ್ಶಿಗಳು, ಲೆಕ್ಕ ಇಡುವ ರೀತಿಯೂ ಮೂರು. ಹೊಳೆನರಸೀಪುರದ ವಿಮಲಮ್ಮನವರ ಮನೆಗೆ ಅಳಿಯ ಒಂದು ಕಂಪ್ಯೂಟರ್ ತಂದುಕೊಟ್ಟಿದ್ದ, ದುಬಾರಿ ಸಾಫ್ಟ್‌ವೇರ್ ಹಾಕಿಸಿ. ಅದರ ಗಡುವು ಮುಗಿದು ಎಷ್ಟೋ ಕಾಲವಾಗಿತ್ತು. ದುಡ್ಡು ಕಟ್ಟುವ ತನಕ ನೋಡಬಹುದು, ಬರೆಯುವಂತಿಲ್ಲ ಎಂದು ಅದು ಹಟ ಹಿಡಿದಿತ್ತು. ಅದರಲ್ಲಿನ ಕನ್ನಡವೂ ಹಳೆಯ ಫಾಂಟಿನದು. ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ‘ಕೊಳಗ’ ಎಂದಿದ್ದದ್ದು ಇಂಗ್ಲಿಷ್ ಅಕ್ಷರ ಮತ್ತು ಪ್ರಶ್ನೆ ಚಿಹ್ನೆಗಳ ಚಿತ್ರಾನ್ನವಾಗುತ್ತಿತ್ತು. ಚನ್ನರಾಯಪಟ್ಟಣದ ಜಯಶೀಲ ಸ್ವಲ್ಪ ಚಿಕ್ಕವಳು, ಫೋನಿನಲ್ಲೇ ಕೋಷ್ಟಕ ಮಾಡಿದ್ದಳು. ಹೊರಗೆ ಹೋದ ಪಾತ್ರೆಗೆ ಕೆಂಪು ಬಣ್ಣ, ಬಂದದ್ದಕ್ಕೆ ಹಸಿರು. ನನಗೆ ಕಳಿಸಿದಾಗ ಬಣ್ಣವೆಲ್ಲ ದಾರಿಯಲ್ಲೇ ತೊಳೆದುಹೋಗಿ, ಯಾವುದು ಇದೆ, ಯಾವುದು ಇಲ್ಲ ಒಂದೂ ತಿಳಿಯಲಿಲ್ಲ. ಅರಕಲಗೂಡಿನ ಕಾರ್ಯದರ್ಶಿ ನಮ್ಮಕ್ಕ ನಾಗರತ್ನ. ಅವಳದು ಎಲ್ಲಕ್ಕಿಂತ ವಿಚಿತ್ರ. ಪಾತ್ರೆ ಒಯ್ಯುವವರನ್ನು ಅದರ ಪಕ್ಕ ನಿಲ್ಲಿಸಿ ಫೋಟೋ ತೆಗೆಯುವುದು, ಅಷ್ಟೇ. ಅವಳ ಫೋನಿನಲ್ಲಿ ಅರಕಲಗೂಡು ತಾಲ್ಲೂಕಿನ ಅರ್ಧ ಗಂಡಸರು ಕೊಪ್ಪರಿಗೆಯ ಜೊತೆ ಮದುವೆ ಗಂಡುಗಳ ಹಾಗೆ ನಿಂತಿದ್ದಾರೆ.

ನಾನು ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ನಿವೃತ್ತರಾದವರಿಗೆ ಲೋಕವನ್ನು ಸರಿಪಡಿಸುವ ಚಟ ಬೇಗ ಹತ್ತುತ್ತದೆ. ಈ ಮೂರನ್ನೂ ಒಂದು ಮಾಡುತ್ತೇನೆಂದು ಸಭೆಯಲ್ಲಿ ಎದ್ದು ನಿಂತು ಹೇಳಿಬಿಟ್ಟೆ. ಲೈಬ್ರರಿಯಲ್ಲಿ ನಾವು ಬಳಸುತ್ತಿದ್ದ ಮುಕ್ತ ಸಾಫ್ಟ್‌ವೇರ್ ಒಂದಿತ್ತು. ದುಡ್ಡಿಲ್ಲ, ಗಡುವಿಲ್ಲ, ಯಾರು ಬೇಕಾದರೂ ಹಾಕಿಕೊಳ್ಳಬಹುದು. ಅದರಲ್ಲಿ ಪತ್ರ ಬರೆಯುವುದು, ಲೆಕ್ಕ ಹಾಕುವುದು ಎಲ್ಲರಿಗೂ ಗೊತ್ತು. ಪಕ್ಕದಲ್ಲೇ, ವಸ್ತುಗಳ ಪಟ್ಟಿ ಇಡಲು ಡೇಟಾಬೇಸ್ ಎಂಬುದೊಂದಿದೆ, ಅದನ್ನು ಯಾರೂ ಮುಟ್ಟುವುದಿಲ್ಲ. ಹೊಸ ಸೊಸೆ ಅತ್ತೆಯ ಬೀರುವನ್ನು ನೋಡುವ ಹಾಗೆ ದೂರದಿಂದ ನೋಡಿ ಸುಮ್ಮನಾಗುತ್ತಾರೆ. ನಾನೂ ಹಾಗೇ ಇದ್ದೆ. ಮುಟ್ಟಿದ ಮೇಲೆ ಮಾತ್ರ ಬಿಡಲಾಗಲಿಲ್ಲ. ಒಲೆಯ ಮೇಲಿನ ಹಾಲು ಎರಡು ಸಲ ಉಕ್ಕಿತು. ನಮ್ಮವರು ಉಪ್ಪಿಲ್ಲದ ಸಾರು ಉಂಡು ಏನೂ ಹೇಳಲಿಲ್ಲ.

ನಾನು ಮೊದಲು ಮಾಡಿದ ನಮೂನೆ ನೋಡಿ ಅಕ್ಕ ಕಂಪ್ಯೂಟರಿನ ಮುಂದಿನಿಂದ ಎದ್ದೇಬಿಟ್ಟಳು. ಪಾತ್ರೆಯ ಎತ್ತರ, ಅಗಲ, ಲೋಹ, ಕಲಾಯಿ ಹಾಕಿಸಿದ ದಿನ, ಒಯ್ದವರ ವಿಳಾಸ, ಪಿನ್ ಕೋಡು, ಹೀಗೆ ಕಲಂ ಮೇಲೆ ಕಲಂ. ಅಷ್ಟು ತುಂಬಿಸುವ ಹೊತ್ತಿಗೆ ಮದುವೆ ಮುಗಿದು ಮಗುವಿನ ನಾಮಕರಣವೂ ಆಗಿಹೋಗುತ್ತದೆ ಎಂದಳು. ಒಂದೊಂದನ್ನೇ ಅಳಿಸುತ್ತಾ ಬಂದೆ. ಕೊನೆಗೆ ಉಳಿದದ್ದು ಪಾತ್ರೆಯ ಹೆಸರು, ಒಯ್ದವರ ಹೆಸರು, ಎರಡು ದಪ್ಪ ಗುಂಡಿ. ಒಂದರ ಮೇಲೆ ‘ಹೋಯ್ತು’, ಇನ್ನೊಂದರ ಮೇಲೆ ‘ಬಂತು’. ಅದನ್ನು ನೋಡಿ ಅಕ್ಕನ ಮುಖ ಅರಳಿತು. ಇಷ್ಟಾದರೆ ಯಾರು ಬೇಕಾದರೂ ಮಾಡುತ್ತಾರೆ ಎಂದು ತಾನೇ ಒತ್ತಿ ನೋಡಿದಳು. ಮೂವರೂ ತಮ್ಮ ತಮ್ಮ ಮನೆಯ ಕಂಪ್ಯೂಟರಿನಲ್ಲೇ ಗುಂಡಿ ಒತ್ತುವುದು, ವಾರಕ್ಕೊಮ್ಮೆ ಫೈಲು ನನಗೆ ಕಳಿಸುವುದು, ನಾನು ಹಾಸನದಲ್ಲಿ ಕೂತು ಮೂರನ್ನೂ ಕೂಡಿಸುವುದು ಎಂದಾಯಿತು.

ಹಳೆಯ ಫಾಂಟಿನ ಕನ್ನಡವನ್ನು ಬಿಡಿಸಿ, ಕಳೆದುಹೋದ ಬಣ್ಣಗಳನ್ನು ಜಯಶೀಲಳನ್ನು ಕೇಳಿ ಕೇಳಿ ತುಂಬಿಸಿ, ಅಕ್ಕನ ಫೋಟೋಗಳನ್ನು ದೊಡ್ಡದು ಮಾಡಿ ಪಾತ್ರೆಯ ಅಂಚಿನ ಅಕ್ಷರ ಓದಿ, ಅಂತೂ ಎಲ್ಲವನ್ನೂ ಒಂದು ಕಡೆ ತಂದೆ. ಡೇಟಾಬೇಸಿನದೊಂದು ನಿಯಮವಿದೆ. ಪ್ರತಿಯೊಂದು ವಸ್ತುವಿಗೂ ಬೇರೆ ಯಾವುದಕ್ಕೂ ಇಲ್ಲದ ಒಂದು ಗುರುತು ಕೊಡಿ ಎಂದು ಅದು ಮೊದಲೇ ಕೇಳುತ್ತದೆ. ಸಭೆಯಲ್ಲಿ ಕೇಳಿದೆ. ಪಾತ್ರೆಯ ಮೇಲೆ ಹೆಸರೇ ಇರುವಾಗ ಬೇರೆ ಗುರುತು ಯಾಕೆ ಎಂದರು ಎಲ್ಲರೂ. ನನಗೂ ಹೌದೆನ್ನಿಸಿತು. ಜ್ಞಾಪಕಾರ್ಥದ ಹೆಸರನ್ನೇ ಗುರುತು ಮಾಡಿದೆ.

ಕೂಡಿಸುವಾಗ ಕಂಪ್ಯೂಟರ್ ಒಂದು ಕಡೆ ನಿಂತು ತಕರಾರು ಮಾಡಿತು. ‘ಸಾಲಗಾಮೆ ಗೌರಮ್ಮನವರ ಜ್ಞಾಪಕಾರ್ಥ’ ಎಂಬ ತಾಮ್ರದ ದೊಡ್ಡ ಕೊಪ್ಪರಿಗೆ ಹೊಳೆನರಸೀಪುರದ ಪಟ್ಟಿಯಲ್ಲೂ ಇದೆ, ಅರಕಲಗೂಡಿನ ಪಟ್ಟಿಯಲ್ಲೂ ಇದೆ ಎಂದಿತು. ನಮ್ಮ ಪಾತ್ರೆಗಳು ಊರಿಂದೂರಿಗೆ ಓಡಾಡುತ್ತಲೇ ಇರುತ್ತವಲ್ಲ, ಒಂದನ್ನೇ ಇಬ್ಬರೂ ಬರೆದುಕೊಂಡಿದ್ದಾರೆ ಎಂದುಕೊಂಡು ಎರಡನೆಯದನ್ನು ತೆಗೆದುಹಾಕಿದೆ. ಮೊದಲು ಬಂದದ್ದು ಹೊಳೆನರಸೀಪುರದ ಪಟ್ಟಿ. ಆದ್ದರಿಂದ ಕೊಪ್ಪರಿಗೆ ಅವರದೆಂದಾಯಿತು. ಕಂಪ್ಯೂಟರ್ ತೃಪ್ತಿಯಾಗಿ ಮುಂದೆ ಹೋಯಿತು. ನಾನೂ ತೃಪ್ತಿಯಾಗಿ ಇನ್ನೊಂದು ಕಾಫಿ ಮಾಡಿಕೊಂಡೆ.

ಒಂದು ಮದುವೆ ಕಾಲ ಚೆನ್ನಾಗಿಯೇ ಕಳೆಯಿತು. ಮುಂದಿನದಕ್ಕೆ ಮುಂಚೆ ಎಲ್ಲ ಪಾತ್ರೆಗಳನ್ನೂ ಹೊರಗೆ ತೆಗೆದು ನೋಡುವುದು ನಮ್ಮ ಪದ್ಧತಿ. ಹೊಳೆನರಸೀಪುರದಲ್ಲಿ ಗೌರಮ್ಮನ ಕೊಪ್ಪರಿಗೆ ಇರಲಿಲ್ಲ. ವಿಮಲಮ್ಮ ನನಗೆ ಫೋನು ಮಾಡಿದರು. ನಾನು ಜಂಬದಿಂದ ಕಂಪ್ಯೂಟರ್ ತೆರೆದು ನೋಡಿ, ಕೊಪ್ಪರಿಗೆ ಅರಕಲಗೂಡಿನಲ್ಲಿದೆ ಎಂದೆ. ವಿಮಲಮ್ಮ ಅಕ್ಕನಿಗೆ ಫೋನು ಮಾಡಿದರು. ಇಲ್ಲಿರುವುದು ನಮ್ಮದೇ, ನಿಮ್ಮದಲ್ಲ ಎಂದು ಅಕ್ಕ ಹೇಳಿದಳು. ಸುಮ್ಮನೆ ಹೇಳಿದ್ದರೆ ಸಾಕಿತ್ತು, ರೂಢಿಯಂತೆ ಫೋಟೋ ತೆಗೆದು ಕಳಿಸಿದಳು. ಅದರ ಅಂಚಿನಲ್ಲಿ ಸಾಲಗಾಮೆ ಗೌರಮ್ಮನವರ ಹೆಸರು ಫಳಫಳ ಹೊಳೆಯುತ್ತಿತ್ತು. ವಿಮಲಮ್ಮನಿಗೆ ಇನ್ನೇನು ಬೇಕು? ಪಾತ್ರೆಯನ್ನೂ ಇಟ್ಟುಕೊಂಡು, ಫೋಟೋವನ್ನೂ ಕಳಿಸಿ ಅಣಕಿಸುತ್ತಿದ್ದಾಳೆ ಎಂದುಕೊಂಡರು. ಎರಡು ದಿನದಲ್ಲಿ ಸಂಘದ ಹೆಂಗಸರೆಲ್ಲರ ಬಾಯಲ್ಲೂ ಅದೇ ಮಾತು. ನಾಗರತ್ನ ಕೊಪ್ಪರಿಗೆ ಹೊಡೆದುಕೊಂಡಳಂತೆ, ತಂಗಿಯ ಕಂಪ್ಯೂಟರೇ ಹೇಳಿತಂತೆ.

ಅಂದು ಸಂಜೆ ಅಕ್ಕ ಫೋನು ಮಾಡಿದಳು. ದನಿ ಏರಿಸಲಿಲ್ಲ, ಅದೇ ನನಗೆ ಭಯವಾದದ್ದು.

‘ನಿನ್ ಕಂಪ್ಯೂಟ್ರು ನನ್ನ ಕಳ್ಳಿ ಅಂತದಂತೆ. ಅದೇನಾರ ಅನ್ಕಳ್ಳಿ. ನೀನೇನಂತೀಯ, ಅದ್ನ ಏಳು.’

‘ಇರಕ್ಕ, ಇನ್ನೊಂದ್ಸಲ ಚೆಕ್ ಮಾಡಿ ಹೇಳ್ತೀನಿ’ ಎಂದೆ.

ಅವಳು ಫೋನಿಟ್ಟಳು. ಮಾರನೆಯ ದಿನ ಅರಕಲಗೂಡಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಒಂದು ಕವರು ಬಂತು. ಒಳಗೆ ಪಾತ್ರೆ ಮನೆಯ ಬೀಗದಕೈ. ಒಂದು ಚೀಟಿ ಕೂಡ ಇರಲಿಲ್ಲ.

ಭಾನುವಾರ ಸಂಜೆ ಅಕ್ಕನೂ ನಾನೂ ಫೋನಿನಲ್ಲಿ ಮಾತಾಡುವುದು ನಾನು ಮದುವೆಯಾಗಿ ಬಂದಾಗಿನಿಂದ ನಡೆದು ಬಂದದ್ದು. ಮೊದಲು ಪಕ್ಕದ ಮನೆಯ ಫೋನು, ಆಮೇಲೆ ಬೂತು, ಆಮೇಲೆ ಮೊಬೈಲು. ಆ ಭಾನುವಾರ ಫೋನು ಬರಲಿಲ್ಲ. ನಾನು ಮಾಡಿದರೆ ಎತ್ತಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಭಾವನವರು ಒಮ್ಮೆ ಎತ್ತಿ, ಅವಳು ತ್ವಾಟಕ್ಕೆ ಓಗವ್ಳೆ ಎಂದರು. ಹಿಂದುಗಡೆ ಅವಳು ಕುಕ್ಕರ್ ಇಳಿಸುವ ಸದ್ದು ನನಗೆ ಚೆನ್ನಾಗಿ ಕೇಳಿಸಿತು. ಅಮ್ಮ ಹೋದ ಮೇಲೆ ನನಗೆ ತೌರು ಎಂದರೆ ಅಕ್ಕನ ಮನೆ. ಅದು ಒಂದು ತಾಮ್ರದ ಪಾತ್ರೆಗಾಗಿ ಮುಚ್ಚಿಹೋಗುತ್ತದೆಯೇ? ಕಂಪ್ಯೂಟರಿನ ಮುಂದೆ ಕೂತರೆ ಅದು ಮತ್ತೆ ಮತ್ತೆ ಅದನ್ನೇ ಹೇಳುತ್ತಿತ್ತು: ಕೊಪ್ಪರಿಗೆ ಒಂದು, ಹೊಳೆನರಸೀಪುರದ್ದು, ಅರಕಲಗೂಡಿಗೆ ಬಂತು.

ನಮ್ಮವರದು ಮಾತು ಕಡಿಮೆ. ಒಂದು ಬೆಳಿಗ್ಗೆ ಕಾಫಿ ಹಿಡಿದುಕೊಂಡು ಪೇಪರ್ ಓದುತ್ತಿದ್ದವರು ಲೋಟ ನೋಡಿ, ‘ಇದು ನಿಮ್ಮಕ್ಕನ ಮನೆ ಲೋಟ ಅಲ್ವಾ?’ ಎಂದರು.

ನನಗೆ ಆಗ ಯಾವ ಮಾತೂ ಚುಚ್ಚಿದಂತೆಯೇ ಕೇಳಿಸುತ್ತಿತ್ತು. ಅಮ್ಮನ ಹೆಸರಿದೆ ನೋಡಿ, ನಮ್ಮದೇ ಎಂದು ಸಿಡುಕಿದೆ.

‘ಹೆಸರು ಅವರ ಮನೆಯ ಲೋಟದ ಮೇಲೂ ಅದೇ ಇರುತ್ತಲ್ಲ. ಇದಕ್ಕೆ ತಳ ನೆಗ್ಗಿದೆ. ನಮ್ಮದು ಯಾವುದೂ ನೆಗ್ಗಿಲ್ಲ’ ಎಂದು ಅವರು ಮತ್ತೆ ಪೇಪರಿಗೆ ತಲೆ ಹಾಕಿದರು.

ಹುಳಿಗೆ ಬೇಳೆ ತೊಳೆಯುತ್ತಿದ್ದವಳು ಹಾಗೇ ನಿಂತೆ. ಅಮ್ಮ ಒಬ್ಬಳೇ, ಹೆಸರು ಒಂದೇ, ಮನೆ ಎರಡು. ಗೌರಮ್ಮನಿಗೂ ಇಬ್ಬರು ಹೆಣ್ಣುಮಕ್ಕಳಿದ್ದಿದ್ದರೆ? ಇಬ್ಬರೂ ತಾವು ತಾವು ಸೇರಿದ ಊರಿಗೆ ಒಂದೊಂದು ಕೊಪ್ಪರಿಗೆ ಕೊಟ್ಟಿದ್ದರೆ?

ನನ್ನ ದಡ್ಡತನಕ್ಕೆ ನನಗೇ ನಗು ಬಂತು, ಅಳುವೂ ಬಂತು. ಜೀವಮಾನವೆಲ್ಲ ಲೈಬ್ರರಿಯಲ್ಲಿ ಕಳೆದವಳು ನಾನು. ಒಂದೇ ಪುಸ್ತಕದ ಐದು ಪ್ರತಿ ಬಂದರೆ ಐದಕ್ಕೂ ಬೇರೆ ಬೇರೆ ನಂಬರು ಹಾಕಿದ ಕೈ ಇದು. ಪುಸ್ತಕದ ಹೆಸರನ್ನು ನಂಬಿ ಪುಸ್ತಕ ಕೊಡಬಾರದು ಎಂದು ಎಷ್ಟು ಜನ ಹೊಸಬರಿಗೆ ಪಾಠ ಹೇಳಿದ್ದೆನೋ. ಪಾತ್ರೆಯ ವಿಷಯ ಬಂದಾಗ ಮಾತ್ರ ಲೈಬ್ರರಿ ಮರೆತು ಬರೀ ಹೆಂಗಸಾಗಿಬಿಟ್ಟಿದ್ದೆ.

ಬೇಳೆಯನ್ನು ಅಲ್ಲೇ ಬಿಟ್ಟು ಕಂಪ್ಯೂಟರಿನ ಮುಂದೆ ಕೂತೆ. ಈ ಸಲ ಕೂಡಿಸಿದ ಲೆಕ್ಕ ನೋಡಲಿಲ್ಲ, ಒಬ್ಬೊಬ್ಬರು ಕಳಿಸಿದ ಫೈಲನ್ನೂ ಬೇರೆ ಬೇರೆಯಾಗಿ ತೆರೆದೆ. ವಿಮಲಮ್ಮ ತಮ್ಮ ಕೊಪ್ಪರಿಗೆಯನ್ನು ಚನ್ನರಾಯಪಟ್ಟಣದ ಒಂದು ಮದುವೆಗೆ ಕೊಟ್ಟು ‘ಹೋಯ್ತು’ ಒತ್ತಿದ್ದರು. ಅದರ ಮುಂದಿನ ವಾರವೇ ಅಕ್ಕನ ಕೊಪ್ಪರಿಗೆ ರಾಮನಾಥಪುರದ ಗೃಹಪ್ರವೇಶದಿಂದ ವಾಪಸು ಬಂದಿತ್ತು, ಅವಳು ‘ಬಂತು’ ಒತ್ತಿದ್ದಳು. ಎರಡಕ್ಕೂ ಒಂದೇ ಹೆಸರು. ಕಂಪ್ಯೂಟರ್ ಇವರ ‘ಹೋಯ್ತು’ಗೆ ಅವಳ ‘ಬಂತು’ ಗಂಟು ಹಾಕಿ ಕೈ ತೊಳೆದುಕೊಂಡಿತ್ತು. ಮದುವೆ ಮನೆಯಿಂದ ಅದು ನೇರ ಅರಕಲಗೂಡಿಗೆ ಹೋಗಿದೆ ಎಂದು ವಿಮಲಮ್ಮನೂ ನಂಬಿದ್ದರಿಂದ ಚನ್ನರಾಯಪಟ್ಟಣದವರನ್ನು ಯಾರೂ ಕೇಳಿಯೇ ಇರಲಿಲ್ಲ.

ಜಯಶೀಲಳಿಗೆ ಫೋನು ಮಾಡಿದೆ. ಅವಳು ಆ ಮದುವೆ ಮನೆಗೆ ಹೋಗಿ ನೋಡಿ ಬಂದು, ನಗು ತಡೆಯಲಾರದೆ ಹೇಳಿದಳು. ಅವರು ತೆಂಗಿನ ತೋಟದವರು. ಕೊಪ್ಪರಿಗೆಯ ತುಂಬ ಕೊಬ್ಬರಿ ತುಂಬಿ, ಮೇಲೊಂದು ಗೋಣಿ ಮುಚ್ಚಿ ಗೋದಾಮಿನಲ್ಲಿ ಇಟ್ಟಿದ್ದರಂತೆ. ಕೇಳಿಕೊಂಡು ಬರುತ್ತಾರೆ, ಬಂದಾಗ ಕೊಟ್ಟರಾಯಿತು ಎಂದು ಕಾದದ್ದೇ ಕಾದದ್ದಂತೆ. ನಾನು ಗೋಡೆಗೆ ಒರಗಿ ಕೂತೆ. ಎದೆಯ ಮೇಲಿದ್ದ ಕೊಪ್ಪರಿಗೆಯನ್ನು ಯಾರೋ ಇಳಿಸಿದಂತಾಯಿತು.

ಮಾರನೆಯ ದಿನ ಬೆಳಿಗ್ಗೆ ಚನ್ನರಾಯಪಟ್ಟಣಕ್ಕೆ ಬಸ್ಸು ಹತ್ತಿದೆ. ಅಲ್ಲಿ ಗೂಡ್ಸ್ ಆಟೋ ಮಾಡಿ ಕೊಪ್ಪರಿಗೆ ಹೇರಿಸಿ, ಹೊಳೆನರಸೀಪುರದಲ್ಲಿ ವಿಮಲಮ್ಮನವರನ್ನು ಹತ್ತಿಸಿಕೊಂಡೆ. ಅವರು ಕೊಪ್ಪರಿಗೆಯನ್ನು ಮುಟ್ಟಿ, ಅಂಚಿನ ಅಕ್ಷರವನ್ನು ಎರಡು ಸಲ ಓದಿದರು. ಡ್ರೈವರ್ ಪಕ್ಕ ಇಬ್ಬರೂ ಇಕ್ಕಟ್ಟಿನಲ್ಲಿ ಕೂತೆವು. ರಸ್ತೆಯ ಪ್ರತಿ ಉಬ್ಬಿಗೂ ಹಿಂದಿನಿಂದ ಕೊಪ್ಪರಿಗೆ ಢಣ್ ಎನ್ನುತ್ತಿತ್ತು, ವಿಮಲಮ್ಮ ಸೆರಗು ಸರಿಮಾಡಿಕೊಳ್ಳುತ್ತಿದ್ದರು.

ಅರಕಲಗೂಡಿನಲ್ಲಿ ಅಕ್ಕ ಅಂಗಳದಲ್ಲಿ ರಾಗಿ ಹಸನು ಮಾಡುತ್ತಿದ್ದಳು. ಆಟೋ ನೋಡಿದಳು, ನನ್ನನ್ನು ನೋಡಿದಳು, ಎದ್ದು ಬರಲಿಲ್ಲ. ನಾನು ಬ್ಯಾಗಿನಿಂದ ಬೀಗದಕೈ ತೆಗೆದು ಅವಳ ಕೈಗೆ ಇಟ್ಟೆ. ಅವಳು ಮೊರ ಪಕ್ಕಕ್ಕಿಟ್ಟು, ಹೋಗಿ ಪಕ್ಕದಲ್ಲೇ ಇದ್ದ ಪಾತ್ರೆ ಮನೆಯ ಬಾಗಿಲು ತೆಗೆದಳು. ಅವಳ ಕೊಪ್ಪರಿಗೆಯನ್ನು ಹೊರಗೆ ಉರುಳಿಸಿ ತಂದು, ಆಟೋದಿಂದ ಇಳಿಸಿದ ಕೊಪ್ಪರಿಗೆಯ ಪಕ್ಕ ನಿಲ್ಲಿಸಿದೆವು. ಅದೇ ಎತ್ತರ, ಅದೇ ಹಿಡಿಯ ಬಳೆ, ಅದೇ ಅಕ್ಷರ. ಅರಕಲಗೂಡಿನದನ್ನು ಕೊಟ್ಟವಳು ಸಾಲಗಾಮೆಯಿಂದ ಅಲ್ಲಿಗೆ ಸೊಸೆಯಾಗಿ ಬಂದಿದ್ದವಳು ಎಂದು ಅಕ್ಕನಿಗೆ ಗೊತ್ತಿತ್ತು. ತಮ್ಮದನ್ನು ಕೊಟ್ಟವಳೂ ಸಾಲಗಾಮೆಯ ಹೆಣ್ಣುಮಗಳೇ ಎಂದು ವಿಮಲಮ್ಮನಿಗೆ ಗೊತ್ತಿತ್ತು. ಇಬ್ಬರೂ ಕೂತು ಮಾತಾಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನನ್ನ ಕಂಪ್ಯೂಟರ್ ಮಾತಾಡುತ್ತಿದ್ದರಿಂದ ಅವರು ಮಾತಾಡಿರಲಿಲ್ಲ.

ವಿಮಲಮ್ಮ ಅಕ್ಕನ ಕೈ ಹಿಡಿದುಕೊಂಡರು. ‘ತಪ್ಪಾಯ್ತು ಕಣ್ ನಾಗರತ್ನ. ಬಾಯಿಗೆ ಬಂದಂಗೆ ಅಂದ್ಬುಟ್ಟೆ.’

ಅಕ್ಕ ಇರಲಿ ಬಿಡಿ ಎಂದು ಅವರನ್ನು ಜಗುಲಿಯ ಮೇಲೆ ಕೂರಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು.

‘ವಿಮಲಕ್ಕ ಒರಗ್ನೋರು, ಅಂದ್ರು. ನೀನು ಮೊದ್ಲು, ನಮ್ಮಕ್ಕ ಅಂಥೋಳಲ್ಲ ಅನ್ಬೇಕಿತ್ತು ಕಣೇ. ಆಮ್ಯಾಕೆ ಎಷ್ಟ್ ಬೇಕಾರೂ ಚೆಕ್ ಮಾಡ್ಕಬೋದಿತ್ತು.’

ನಾನು ಅತ್ತುಬಿಟ್ಟೆ. ಈ ವಯಸ್ಸಿನಲ್ಲಿ, ಆಟೋ ಡ್ರೈವರ್ ಎದುರಿಗೆ. ಅಕ್ಕ ಸೆರಗಿನಲ್ಲಿ ನನ್ನ ಮುಖ ಒರೆಸಿ, ಮುದ್ದೆ ಆರಿಹೋಗುತ್ತದೆ, ಒಳಗೆ ಬಾ ಎಂದಳು. ಮುದ್ದೆಗೆ ಉಪ್ಪುಸಾರು ಇತ್ತು. ಅಷ್ಟು ರುಚಿಯಾದ ಊಟ ಮಾಡಿ ಎಷ್ಟೋ ದಿನವಾಗಿತ್ತು.

ಹೊರಡುವಾಗ ಬ್ಯಾಗಿನಲ್ಲಿ ತಂದಿದ್ದ ಆ ತಳ ನೆಗ್ಗಿದ ಲೋಟವನ್ನೂ ಕೊಟ್ಟೆ. ಇದು ನಿನ್ನದು, ಯಾವಾಗಲೋ ನಮ್ಮ ಮನೆಗೆ ಬಂದುಬಿಟ್ಟಿದೆ ಎಂದೆ. ಅವಳು ತಳ ನೋಡಿ ಒಳಗಿಟ್ಟಳು.

ಆಮೇಲಿನದು ಕೆಲಸದ ಮಾತು. ಮೂರು ಊರಿನ ಎಲ್ಲ ಪಾತ್ರೆಗಳಿಗೂ ಹೆಸರಿನ ಕೆಳಗೆ ನಂಬರು ಹಾಕಿಸಿದೆವು. ಊರಿನ ಮೊದಲ ಅಕ್ಷರ, ಮುಂದೆ ಅಂಕಿ. ಹೊಳೆನರಸೀಪುರಕ್ಕೆ ‘ಹೊ’, ಅರಕಲಗೂಡಿಗೆ ‘ಅ’, ಚನ್ನರಾಯಪಟ್ಟಣಕ್ಕೆ ‘ಚ’. ಕಂಪ್ಯೂಟರಿನಲ್ಲೂ ಆ ನಂಬರೇ ಗುರುತು, ಅದರ ಜೊತೆ ಪಾತ್ರೆ ಕೊಟ್ಟವರ ಹೆಸರಿಗೂ ಒಂದು ಕಲಂ. ಈಗ ಮೂವರೂ ಒಂದೇ ಸಾಫ್ಟ್‌ವೇರಿನಲ್ಲಿ ಗುಂಡಿ ಒತ್ತುತ್ತಾರೆ, ಯಾರ ಕನ್ನಡವೂ ದಾರಿಯಲ್ಲಿ ಚಿತ್ರಾನ್ನವಾಗುವುದಿಲ್ಲ. ಗೌರಮ್ಮನ ಎರಡು ಕೊಪ್ಪರಿಗೆಗಳೂ ಬೇರೆ ಬೇರೆ ಸಾಲಿನಲ್ಲಿ ನೆಮ್ಮದಿಯಾಗಿ ಕೂತಿವೆ. ಅಕ್ಕ ಮಾತ್ರ ಫೋಟೋ ತೆಗೆಯುವುದನ್ನು ಬಿಟ್ಟಿಲ್ಲ, ನಾನೂ ಬಿಡು ಎಂದಿಲ್ಲ.

ಸ್ವಲ್ಪ ದಿನದ ಮೇಲೆ ಮತ್ತೆ ಅರಕಲಗೂಡಿನ ಬಸ್ಸಿನಲ್ಲಿ ಒಂದು ಕವರು ಬಂತು. ಕಂಡಕ್ಟರ್ ಕೈಯಿಂದ ತೆಗೆದುಕೊಳ್ಳುವಾಗ, ಹಿಂದಿನ ಬೀಗದಕೈ ನೆನಪಾಯಿತು. ಬಿಚ್ಚಿದರೆ ಅದೇ ಲೋಟ, ತಳ ನೆಗ್ಗಿದ್ದು. ‘ಜಯಮ್ಮ’ ಎಂಬ ಹಳೆಯ ಚುಕ್ಕಿ ಚುಕ್ಕಿ ಅಕ್ಷರದ ಕೆಳಗೆ ಹೊಸದಾಗಿ ಕೊರೆಸಿತ್ತು: ‘ಹಾ ೧’. ಹಾಸನದಲ್ಲಿ ನಮ್ಮ ಸಂಘದ ಪಾತ್ರೆ ಮನೆ ಇಲ್ಲ. ಇರುವುದು ನಾನೊಬ್ಬಳೇ.

ಆ ಭಾನುವಾರ ಫೋನು ಮಾಡಿ, ಲೋಟ ಯಾಕೆ ಕಳಿಸಿದೆ ಎಂದು ಕೇಳಿದೆ.

‘ಅದು ನಿನ್ನತ್ರನೇ ಇರ್ಲಿ ಕಣೇ. ನಂಬ್ರು ಆಕ್ಸಿವ್ನಿ, ಇನ್ಮ್ಯಾಕೆ ಯಾರ್ದು ಅಂತ ಯಾರೂ ಕೇಳಂಗಿಲ್ಲ’ ಎಂದಳು. ಆಮೇಲೆ ಈ ಸಲದ ರಾಗಿಯ ವಿಷಯಕ್ಕೆ ಹೋದಳು.

ಫೋನಿಟ್ಟ ಮೇಲೆ ಕಂಪ್ಯೂಟರ್ ತೆರೆದೆ. ಹೊಸ ಸಾಲಿನಲ್ಲಿ ‘ಹಾ ೧’ ಎಂದು ಬರೆದೆ. ಪಾತ್ರೆಯ ಹೆಸರಿನ ಕಡೆ ಅಮ್ಮನ ಹೆಸರು, ಕೊಟ್ಟವರ ಕಡೆ ಅಕ್ಕನ ಹೆಸರು. ಆಮೇಲೆ ‘ಬಂತು’ ಒತ್ತಿದೆ.